ಆಸನಸ್ಥ ಸಾಕ್ಷಿ: ಬಾಲಮೂಳೆಯವರೊಡನೆ ಒಂದು ಸಂದರ್ಶನ

ಬೆನ್ನೆಲುಬಿನ ಕಟ್ಟಕಡೆಯಲ್ಲಿ, ಸಾಮಾನ್ಯವಾಗಿ ನಾಲ್ಕು ಕಿರುಮಣಿಗಳು ಒಂದರೊಡನೊಂದು ಬೆಸೆದು ಉಂಟಾಗಿರುವ, ಮನುಷ್ಯಕುಲವು ಕುಳಿತು ಮಾಡಿದ ಸಕಲ ಶಾಸ್ತ್ರಚರ್ಚೆಗಳ ಭಾರವನ್ನೂ ಮೌನವಾಗಿ ಸಹಿಸಿಕೊಂಡು ಬಂದಿರುವ ಶ್ರೀ ಬಾಲಮೂಳೆಯವರನ್ನು, ಒಂದು ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ತೂಗುಬಿಟ್ಟಿದ್ದ ಅಸ್ಥಿಪಂಜರದೊಳಗೆ, ಹತ್ತನೆಯ ತರಗತಿಯ ವಿದ್ಯಾರ್ಥಿಗಳ ಹಿತವನ್ನುದ್ದೇಶಿಸಿ ಸಂದರ್ಶಿಸಿದೆವು.

ನಾವು: ತಮ್ಮ ಕುಲವೃತ್ತಾಂತವನ್ನು ವಾಚಕರಿಗೆ ತಿಳಿಸುವಿರಾ?

ಮೂಳೆ: ನಮ್ಮದು ಬಾಲದ ಮನೆತನ. ಗರ್ಭದಲ್ಲಿ ಐದನೆಯ ವಾರದ ಸುಮಾರಿಗೆ ಪಂಡಿತನಿಗೂ ಪಾಮರನಿಗೂ ಸಮಾನವಾಗಿ ಬಾಲವುಂಟು. ಎಂಟನೆಯ ವಾರ ಕಳೆಯುವಷ್ಟರಲ್ಲಿ ಅದು ಕರಗಿ, ನಾನೊಬ್ಬನು ಉಳಿಯುತ್ತೇನೆ. ದಾಯಾದಿಗಳಾದ ಚಿಂಪಾಂಜಿ, ಗೊರಿಲ್ಲಾಗಳ ಮನೆಯಲ್ಲಿಯೂ ಇದೇ ನಷ್ಟ. ಟಿಬಿಎಕ್ಸ್‌ಟಿ ಎಂಬ ಜೀನಿನೊಳಗೆ, ನಮ್ಮಲ್ಲಿಯೂ ಅವರಲ್ಲಿಯೂ ಒಂದೇ ಸ್ಥಾನದಲ್ಲಿ ಒಂದೇ ಡಿಎನ್‌ಎ ತುಣುಕು ಸೇರಿಕೊಂಡಿರುವುದನ್ನೂ, ಬಾಲವುಳ್ಳ ಕೋತಿಗಳಲ್ಲಿ ಅದು ಇಲ್ಲದಿರುವುದನ್ನೂ 2024ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿದೆ. ಇಬ್ಬರ ಉತ್ತರಪತ್ರಿಕೆಗಳಲ್ಲಿ ಒಂದೇ ಸಾಲಿನಲ್ಲಿ ಒಂದೇ ತಪ್ಪು ಕಂಡುಬಂದರೆ, ಮೂಲವೊಂದೇ ಎಂದು ಪರೀಕ್ಷಕರು ತೀರ್ಮಾನಿಸುವುದಿಲ್ಲವೇ?

ನಾವು: ಆದರೆ ತಾವು ನಿಷ್ಪ್ರಯೋಜಕರೆಂಬ ಅಪವಾದವಿದೆ.

ಮೂಳೆ: ಶ್ರೋಣಿತಳದ ಸ್ನಾಯುಗಳು ಇಂದಿಗೂ ನನ್ನನ್ನೇ ಆಶ್ರಯಿಸಿವೆ. ಪೂರ್ವದ ಉದ್ಯೋಗ ತಪ್ಪಿದವನು ಅನ್ಯ ಉದ್ಯೋಗವನ್ನು ಹಿಡಿಯಬಾರದೆಂದು ಯಾವ ಶಾಸ್ತ್ರದಲ್ಲಿದೆ?

ನಾವು: ವಿದ್ಯಾರ್ಥಿಗಳು ತಮ್ಮನ್ನು ಹೇಗೆ ಅಭ್ಯಸಿಸುತ್ತಾರೆ?

ಮೂಳೆ: ಎರಡು ಅಂಕಗಳ ಪ್ರಶ್ನೆಯಾಗಿ. ಅಂಚಿನಲ್ಲಿ ‘ಇಂಪಾರ್ಟೆಂಟ್’ ಎಂದು ಗುರುತು ಮಾಡಿ, ಉರುಹೊಡೆದು, ನನ್ನ ಮೇಲೆಯೇ ಮೂರು ಗಂಟೆ ಕುಳಿತು ಬರೆದು, ಎದ್ದೊಡನೆ ಮರೆಯುತ್ತಾರೆ.

ನಾವು: ಜೀವವಿಕಾಸದ ಪಾಠಕ್ಕೇ ಕತ್ತರಿ ಬಿದ್ದಿತಂತೆ?

ಮೂಳೆ: ಹೌದು. ಎನ್‌ಸಿಇಆರ್‌ಟಿಯವರ ಹತ್ತನೆಯ ತರಗತಿಯ ಪುಸ್ತಕದಲ್ಲಿ ‘ಅನುವಂಶೀಯತೆ ಮತ್ತು ಜೀವವಿಕಾಸ’ ಎಂದಿದ್ದ ಅಧ್ಯಾಯವು, ಮಕ್ಕಳ ಹೊರೆಯನ್ನು ತಗ್ಗಿಸುವ ಕಾರುಣ್ಯದಿಂದ, 2023ರಲ್ಲಿ ಬರಿಯ ‘ಅನುವಂಶೀಯತೆ’ಯಾಯಿತು. ಬಾಲ ಕಳೆದುಕೊಂಡ ದುಃಖ ನನಗೆ ತಿಳಿಯದೇ? 1,800ಕ್ಕೂ ಹೆಚ್ಚು ಮಂದಿ ವಿಜ್ಞಾನಿಗಳೂ ಅಧ್ಯಾಪಕರೂ ಪ್ರತಿಭಟನಾಪತ್ರಕ್ಕೆ ರುಜು ಹಾಕಿದರು. ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ ಜೀವವಿಕಾಸವಿದೆಯೆಂಬ ಸಮಾಧಾನವುಂಟು. ವಾಣಿಜ್ಯವನ್ನೋ ಕಲೆಯನ್ನೋ ಆಯ್ದವರಿಗೆ ಆ ಬಾಗಿಲು ತೆರೆಯುವುದಿಲ್ಲ.

ನಾವು: ಕೋತಿ ಮನುಷ್ಯನಾದುದನ್ನು ಯಾರೂ ಕಂಡಿಲ್ಲವೆಂದು 2018ರಲ್ಲಿ ಕೇಂದ್ರದ ಸಚಿವರೊಬ್ಬರು ಅಪ್ಪಣೆ ಕೊಡಿಸಿದ್ದರಲ್ಲ?

ಮೂಳೆ: ಪ್ರತ್ಯಕ್ಷವೊಂದೇ ಪ್ರಮಾಣವೆಂಬುದು ಚಾರ್ವಾಕರ ಪಕ್ಷ, ಅನುಮಾನವೂ ಪ್ರಮಾಣವೆಂದು ನೈಯಾಯಿಕರು ಸಾಧಿಸಿ ಎಷ್ಟೋ ಶತಮಾನಗಳಾದುವು. ಸಚಿವರು ಚಾರ್ವಾಕರೊಡನೆ ಸೇರಿಕೊಂಡರೆಂದು ಕೇಳಿ ವಿಸ್ಮಯವಾಯಿತು. ಇಂದಿನ ಕೋತಿಗಳು ನಮಗೆ ಪಿತಾಮಹರೆಂದು ಶಾಸ್ತ್ರವೂ ಹೇಳಿಲ್ಲ. ನಮಗೂ ಅವಕ್ಕೂ ಪೂರ್ವಜರು ಒಬ್ಬರೇ ಎಂದಷ್ಟೇ ಹೇಳಿತು. ಇನ್ನು, ನನ್ನನ್ನು ಕಣ್ಣಾರೆ ಕಂಡವರಾದರೂ ಎಷ್ಟು ಜನ? ಆದರೂ ಬಚ್ಚಲಲ್ಲಿ ಜಾರಿ ಬಿದ್ದವನು ನನ್ನ ಅಸ್ತಿತ್ವಕ್ಕೆ ಪ್ರಮಾಣ ಕೇಳಿದ್ದಿಲ್ಲ.

ನಾವು: ವಿದ್ಯಾರ್ಥಿಗಳಿಗೆ ತಮ್ಮ ಸಂದೇಶ?

ಮೂಳೆ: ನನ್ನ ಹೆಸರನ್ನು ಕಂಠಪಾಠ ಮಾಡುವುದು ಬೇಡ. ಬಾವಲಿಯ ರೆಕ್ಕೆ, ತಿಮಿಂಗಿಲದ ಈಜುಗಾಲು, ತಮ್ಮದೇ ತೋಳು, ಇವುಗಳ ಮೂಳೆಗಳನ್ನು ಚಿತ್ರದಲ್ಲಾದರೂ ಒಂದೊಂದಾಗಿ ಹೋಲಿಸಿ ನೋಡಲಿ. ಅನಂತರ ಒಪ್ಪಲಿ, ಇಲ್ಲವೆ ವಾದಿಸಲಿ. ನೋಡದೆ ಒಪ್ಪುವವರೂ ನೋಡದೆ ನಿರಾಕರಿಸುವವರೂ ನನಗೆ ಸಮಾನವಾದ ಭಾರವೇ.