ತೊಂಬತ್ನಾಲ್ಕರ ಕಾಟ

ಡಲ್ಲಾಸಿನ ಉತ್ತರಕ್ಕೆ, ಫ್ರಿಸ್ಕೋ-ಪ್ಲೇನೋ ಕಡೆ, 2000ದ ಆಚೀಚೆ ಕಟ್ಟಿದ ಎಷ್ಟೋ ಮನೆಗಳಲ್ಲಿ ಕೋಣೆಕೋಣೆಗೂ ಗೋಡೆಯೊಳಗೇ ನೆಟ್‌ವರ್ಕ್ ಕೇಬಲ್ ಎಳೆದಿರುತ್ತಾರೆ. ಅವೆಲ್ಲ ಬಂದು ಸೇರುವ ತಗಡಿನ ಪೆಟ್ಟಿಗೆಯನ್ನು ಬಿಲ್ಡರ್ ಮಹಾಶಯ ಕೂರಿಸುವುದು ಬಹಳ ಸಲ ಮಲಗುವ ಕೋಣೆಯ ಕ್ಲಾಸೆಟ್ಟಿನಲ್ಲಿ. ಕನ್ನಡದವರ ಮನೆಯಲ್ಲಿ ಆ ಜಾಗ ಯಾರ ಹೆಸರಿಗೆ ಖಾತೆಯಾಗಿದೆ ಎಂದು ಕೇಳಬೇಕಾಗಿಲ್ಲ. ರೇಷ್ಮೆ ಸೀರೆಗಳ ಹಿಂದೆ ಇಂಟರ್ನೆಟ್ಟು ಉಸಿರು ಬಿಗಿಹಿಡಿದು ಕೂತಿರುತ್ತದೆ.

ಅಂಥದೊಂದು ಮನೆಯ ಯಜಮಾನ ಸೆಕೆಂಡಿಗೆ ಸಾವಿರ ಮೆಗಾಬಿಟ್ಟಿನ ಪ್ಲಾನಿಗೆ ತಿಂಗಳು ತಿಂಗಳು ದುಡ್ಡು ಕಟ್ಟುತ್ತಿದ್ದ. ಮಹಡಿಯ ಕೋಣೆಯಲ್ಲಿ ಸಿಗುತ್ತಿದ್ದದ್ದು 94. ವಿಡಿಯೋ ಕಾಲಿಗೆ ನಾಲ್ಕೈದು ಸಾಕು, ನಿಜ. ಆದರೆ ಸಾವಿರ ಕೊಂಡವನ ಸಂಕಟವೇ ಬೇರೆ. ಮಗನ ನೂರು ಗಿಗಾಬೈಟಿನ ಆಟ ಕಾಲು ಗಂಟೆಯಲ್ಲಿ ಇಳಿಯಬೇಕಾದದ್ದು ಎರಡೂಕಾಲು ಗಂಟೆ ದಾಟುತ್ತಿತ್ತು. ಮೊದಲ ಅನುಮಾನ ಮಗನ ಮೇಲೆ, ಆಮೇಲೆ ಹೆಂಡತಿಯ ಧಾರಾವಾಹಿ ಮೇಲೆ, ಕೊನೆಗೆ ಕಂಪನಿಯ ಮೇಲೆ. ಕಂಪನಿಯವರು ಎಲ್ಲ ಕಾಯಿಲೆಗೂ ಒಂದೇ ಕಷಾಯ ಹೇಳಿದರು: ಆಫ್ ಮಾಡಿ ಆನ್ ಮಾಡಿ. ಹೊಸ ರೌಟರೂ ಬಂತು. ಅದೇ 94.

ಆ ಅಂಕಿಯೇ ಸಾಕ್ಷಿ ಹೇಳುತ್ತಿತ್ತು. ತೊಂದರೆ ವೈಫೈಯದಾಗಿದ್ದರೆ ಅಂಕಿ ಕುಣಿಯುತ್ತದೆ, ಈಗ 210, ಮೈಕ್ರೋವೇವ್ ಹಾಕಿದರೆ 60. ಇಲ್ಲಿ ಅದು ಕದಲದೆ ನಿಂತಿದೆ ಎಂದರೆ ತಪ್ಪು ಕೇಬಲ್ಲಿನದು. ಕೇಬಲ್ಲಿನಲ್ಲಿ ಎಂಟು ತಂತಿ, ನಾಲ್ಕು ಜೋಡಿ. ಗಿಗಾಬಿಟ್ಟಿಗೆ ನಾಲ್ಕೂ ಬೇಕು. ನೂರಕ್ಕೆ ಎರಡೇ ಸಾಕು. ಉಳಿದೆರಡರಲ್ಲಿ ಒಂದು ಜೋಡಿ ಕೈಕೊಟ್ಟರೆ ಎರಡು ತುದಿಯ ಯಂತ್ರಗಳು ಸಾಮಾನ್ಯವಾಗಿ ಯಾರಿಗೂ ಹೇಳದೆ ನೂರಕ್ಕೆ ರಾಜಿಯಾಗುತ್ತವೆ. ಅದರಲ್ಲಿ ಒಂದಿಷ್ಟು ವಿಳಾಸ, ಲೆಕ್ಕಪತ್ರಕ್ಕೆ ಹೋಗಿ 94 ಕೈಗೆ ಬರುತ್ತದೆ. ಹದಿನೈದು ವರ್ಷ ಸಾಫ್ಟ್‌ವೇರಿನಲ್ಲಿದ್ದ ಯಜಮಾನನಿಗೆ ಕ್ಲೌಡ್ ಗೊತ್ತಿತ್ತು, ಗೋಡೆ ಗೊತ್ತಿರಲಿಲ್ಲ.

ಗೊತ್ತಿದ್ದದ್ದು ಮಾವನವರಿಗೆ. ಟೆಲಿಫೋನ್ ಇಲಾಖೆಯಲ್ಲಿ ಕೇಬಲ್ ಜಾಯಿಂಟರ್ ಆಗಿ ನಿವೃತ್ತರಾದವರು, ಆರು ತಿಂಗಳಿಗೆಂದು ಬಂದು ಹುಲ್ಲು ಕತ್ತರಿಸುವುದನ್ನು ನೋಡುತ್ತ ಕೂತಿದ್ದರು. "ಅಳಿಯಂದ್ರೇ, ಪೆಟ್ಟಿಗೆ ಬಿಚ್ಚಿ ನೋಡಿದ್ರಾ?"

ಮಗಳು ಸೀರೆಗಳನ್ನು ಹಾಸಿಗೆಗೆ ಸ್ಥಳಾಂತರಿಸಿದ ಮೇಲೆ ಪೆಟ್ಟಿಗೆಯ ಬಾಗಿಲು ತೆರೆಯಿತು. ಮಹಡಿಯ ಕೇಬಲ್ಲಿನ ಆರೆಂಜ್, ಗ್ರೀನ್, ಬ್ರೌನ್ ಜೋಡಿಗಳು ತಮ್ಮ ತಮ್ಮ ಜಾಗದಲ್ಲಿದ್ದವು. ಬ್ಲೂ ಜೋಡಿ ಮಾತ್ರ ಪಕ್ಕಕ್ಕೆ ತಿರುಗಿ ಧೂಳು ಹಿಡಿದ ಫೋನ್ ಪಟ್ಟಿಗೆ ಸೇರಿತ್ತು. ಒಂದೇ ಕೇಬಲ್ಲಿನಲ್ಲಿ ಫೋನು, ನೆಟ್ಟು ಎರಡನ್ನೂ ಓಡಿಸಲು ಹಿಂದೆ ಯಾರೋ ಮಾಡಿದ್ದ ಉಪಾಯ. ನೂರರ ಕಾಲದಲ್ಲಿ ಅದರಿಂದ ನಷ್ಟವಿರಲಿಲ್ಲ.

"ನಮ್ಮ ಇಲಾಖೆಯವರೇ ಹೊಡೆದಿದ್ದಾರೆ ನೋಡಿ," ಎಂದರು ಮಾವ, ತುಸು ಹೆಮ್ಮೆಯಿಂದಲೇ.

ಅಳಿಯ ಉತ್ಸಾಹದಲ್ಲಿ ಜೋಡಿಯ ಹೊಸೆತವನ್ನು ಎರಡು ಇಂಚು ಬಿಚ್ಚಿದಾಗ ಮಾತ್ರ ಅವರ ದನಿ ಏರಿತು. ಅರ್ಧ ಇಂಚಿಗಿಂತ ಹೆಚ್ಚು ಬಿಚ್ಚಬಾರದು. ಪಕ್ಕದ ಜೋಡಿಯ ಗಲಾಟೆ ಒಳಗೆ ನುಗ್ಗದಂತೆ ತಡೆಯುವುದು ಆ ಹೊಸೆತವೇ. ಕತ್ತರಿಸಿ, ಹೊಸದಾಗಿ ಕೂರಿಸಿ, ಟೂಲಿನಿಂದ ಟಕ್ಕೆಂದು ಒತ್ತಿದರು. ಮೇಲಿನಿಂದ ಮಗ ಕೂಗಿದ: "ನೈನ್ ಫಾರ್ಟಿ!"

ಶನಿವಾರದ ಪಾಟ್‌ಲಕ್ಕಿನಲ್ಲಿ ಬಿಸಿಬೇಳೆಬಾತಿಗಿಂತ ಮೊದಲು ಖಾಲಿಯಾದದ್ದು ಮಾವನವರ ಪುರುಸೊತ್ತು. ಆರು ಮನೆಯ ಗಂಡಸರು ತಮ್ಮಲ್ಲೂ 94 ಎಂದು ಸಾಲುಗಟ್ಟಿದರು. "ನಾಳೆ ಬೆಳಿಗ್ಗೆನೇ ಬರ್ತೀನಿ, ಕ್ಲಾಸೆಟ್ ತೋರಿಸಿದ್ರೆ ಸಾಕು," ಎಂದರು ಅವರು. ಆರು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಒಬ್ಬಾಕೆ ಹೇಳಿದರು: "ನಾಳೆ ಬೇಡ ಅಂಕಲ್, ಒಂದೆರಡು ವಾರ ಬಿಟ್ಟು ಬನ್ನಿ. ತೊಂಬತ್ನಾಲ್ಕು ನಮಗೇನೂ ಕಡಿಮೆಯಾಗಿಲ್ಲ."