ಸೋಯಿ ಮೀಮಾಂಸೆ

ಬ್ಯಾಂಕಾಕಿಗೆ ಬಂದಿಳಿದ ಹೊಸಬನಿಗೆ ಜ್ಞಾನ ಯಾವ ಮಾರ್ಗದಿಂದ ಬರುತ್ತದೆ ಎಂಬುದನ್ನು ಪೂರ್ವಸೂರಿಗಳು ಯಾರೂ ವಿಚಾರಿಸಿಲ್ಲ. ಅವರು ಮೋಕ್ಷದಂಥ ಸುಲಭದ ವಿಷಯಗಳಲ್ಲೇ ಕಾಲ ಕಳೆದರು. ಆದ್ದರಿಂದ ಈ ಗ್ರಂಥ. ಇದರ ವಿಷಯ ಸೋಯಿ, ಅಂದರೆ ದೊಡ್ಡ ರಸ್ತೆಯಿಂದ ಒಳಕ್ಕೆ ಹೋಗುವ ಗಲ್ಲಿ. ಅಧಿಕಾರಿ ಯಾರೆಂದರೆ, ಕೈಯಲ್ಲಿ ಮೊಬೈಲು, ಮುಖದಲ್ಲಿ ಧೈರ್ಯ ಇರುವ ಯಾವ ಪರದೇಶಿಯಾದರೂ ಸರಿ. ಪ್ರಯೋಜನ, ಕತ್ತಲಾಗುವ ಮೊದಲು ರೂಮು ಸೇರುವುದು.

ಅಧ್ಯಯನದ ಕ್ಷೇತ್ರ ಸುಖುಂವಿತ್ ರಸ್ತೆ. ಹೆದ್ದಾರಿ ಇಲಾಖೆಯ ಮುಖ್ಯಸ್ಥರಾಗಿದ್ದ ಒಬ್ಬರ ಹೆಸರು ಹೊತ್ತ ಈ ರಸ್ತೆ ಕಾಂಬೋಡಿಯಾ ಗಡಿಯ ತ್ರಾತ್ ಪ್ರಾಂತ್ಯದವರೆಗೂ ಹೋಗುತ್ತದೆ. ತಿರುವು ತಪ್ಪಿದರೆ ಎಲ್ಲಿಗೆ ಮುಟ್ಟಬಹುದೆಂದು ಇದರಿಂದಲೇ ಊಹಿಸಿಕೊಳ್ಳಿ.

ಜ್ಞಾನದ ಮಾರ್ಗಗಳಲ್ಲಿ ಮೊದಲು ಅನುಮಾನ ಪ್ರಮಾಣ, ಅಂದರೆ ಕಂಡದ್ದರಿಂದ ಕಾಣದ್ದನ್ನು ಊಹಿಸುವುದು. ಬೆಸ ಸಂಖ್ಯೆಯ ಸೋಯಿಗಳು ಉತ್ತರದ ಬದಿಗೆ, ಸಮ ಸಂಖ್ಯೆಯವು ದಕ್ಷಿಣಕ್ಕೆ; ಇಲ್ಲಿಯವರೆಗೆ ತಕರಾರಿಲ್ಲ. ಹಾಗಾದರೆ 55ರ ಎದುರು 54 ಇರಬೇಕು ಎಂಬುದು ಪೂರ್ವಪಕ್ಷ. ಖಂಡನೆ: 55ರ ಎದುರು ಇರುವುದು 38. 63ರ ಎದುರು 42. ಇನ್ನೂ ಹಿಂದೆ, 21ರ ಆಚೆಬದಿಯಲ್ಲಿ ಎಣಿಕೆ 16ರ ಆಸುಪಾಸಿನಲ್ಲಿರುತ್ತದೆ. ಮುಂದೆ ಹೋದಷ್ಟೂ ಎರಡು ಬದಿಗಳ ಮನಸ್ತಾಪ ಬೆಳೆಯುತ್ತಲೇ ಹೋಗುತ್ತದೆ. ಎಣಿಕೆ ಮುಗಿದ ಮೇಲೆ ನಡುವೆ ಇನ್ನೊಂದು ಗಲ್ಲಿ ಹುಟ್ಟಿದರೆ ಅದಕ್ಕೆ 33/1 ಎಂಬಂಥ ಅಂಕೆ. ಇದು ಗಣಿತವಲ್ಲ, ವಂಶಾವಳಿ.

ಎರಡನೆಯದು ಉಪಮಾನ, ಅಂದರೆ ಹೋಲಿಕೆ. ಜಯನಗರದಲ್ಲಿ ಬೆಳೆದವನು ಇಲ್ಲಿ ಸುಲಭವಾಗಿ ಬಲಿಯಾಗುತ್ತಾನೆ. ಅವನ ಲೆಕ್ಕದಲ್ಲಿ ಒಂದು ಕ್ರಾಸು ತಪ್ಪಿದರೆ ಮುಂದಿನ ಮೇನಿನಲ್ಲಿ ತಿರುಗಿ ವಾಪಸು ಬರಬಹುದು. ಸೋಯಿಗಳಲ್ಲಿ ಬಹುಪಾಲು ವಾಪಸು ಬರುವುದಕ್ಕೆ ಬಂದ ದಾರಿಯೊಂದೇ. ಒಂದು ಕಾಲಕ್ಕೆ ಇದೆಲ್ಲ ಗದ್ದೆ, ತೋಟ, ಕಾಲುವೆ. ನೆಲ ಮಾರುವ ಯಜಮಾನ ತನ್ನ ಬೇಲಿಯವರೆಗೆ ಗಲ್ಲಿ ಕೊರೆದು ಕೈತೊಳೆದುಕೊಂಡ. ಪಕ್ಕದವನೂ ಹಾಗೇ ಮಾಡಿದ.

ಮೂರನೆಯದು ಪ್ರತ್ಯಕ್ಷ. ಮೊಬೈಲಿನಲ್ಲಿ ನೀಲಿ ಚುಕ್ಕೆಗೂ ಹೋಟೆಲಿಗೂ ಬೆರಳಗಲದ ದೂರ. ಕಣ್ಣೆದುರಿಗೆ ಮಾತ್ರ ಗಾಜಿನ ಚೂರು ನೆಟ್ಟ ಗೋಡೆ. ಗೋಡೆಯಾಚೆ ಹೋಟೆಲಿನ ಬೋರ್ಡು ಕಾಣುತ್ತದೆ, ಈಜುಕೊಳದ ನೀರಿನ ಸದ್ದೂ ಕೇಳುತ್ತದೆ. ಪ್ರತ್ಯಕ್ಷವಾದದ್ದು ಪ್ರಾಪ್ತವಾಗಲೇಬೇಕೆಂಬ ನಿಯಮವಿಲ್ಲ.

ಗುರುತಿನ ವಿಷಯದಲ್ಲಿ ಒಂದು ಎಚ್ಚರಿಕೆ. 'ಸೆವೆನ್ ಇಲೆವೆನ್ ಪಕ್ಕದ ಸೋಯಿ' ಎಂಬ ಲಕ್ಷಣವನ್ನು ಹೊಸಬರೆಲ್ಲ ಹೆಮ್ಮೆಯಿಂದ ನೆನಪಿಟ್ಟುಕೊಳ್ಳುತ್ತಾರೆ. 1989ರಲ್ಲಿ, ಪಾಟ್‌ಪಾಂಗಿನಲ್ಲಿ ದೇಶದ ಮೊದಲ ಸೆವೆನ್ ಇಲೆವೆನ್ ಅಂಗಡಿ ತೆರೆದಾಗ, ಆ ಲಕ್ಷಣ ನಿರ್ದುಷ್ಟವಾಗಿತ್ತು. ಈಗ ದೇಶದಲ್ಲಿ ಇಂಥವು 14,000ಕ್ಕೂ ಹೆಚ್ಚು. ತರ್ಕಶಾಸ್ತ್ರದಲ್ಲಿ ಇದಕ್ಕೆ ಅತಿವ್ಯಾಪ್ತಿ ದೋಷ ಎನ್ನುತ್ತಾರೆ.

ದೈವವನ್ನು ಪ್ರಮಾಣವಾಗಿ ಒಪ್ಪಬಹುದೇ? ರಾಚಪ್ರಸೋಂಗ್ ಚೌಕದ ಎರವಾನ್ ಗುಡಿಯಲ್ಲಿ 1956ರಿಂದ ಚತುರ್ಮುಖ ಬ್ರಹ್ಮ ಕೂತಿದ್ದಾನೆ. ನಮ್ಮಲ್ಲಿ ಗುಡಿಯೇ ಅಪರೂಪವಾದ ಅವನಿಗೆ ಇಲ್ಲಿ ಚೆಂಡುಹೂವಿನ ಮಾಲೆಗಳು, ಮರದ ಆನೆಗಳು, ಹರಕೆ ತೀರಿಸಲು ನರ್ತಕಿಯರ ಕುಣಿತ. ನಾಲ್ಕೂ ದಿಕ್ಕು ಒಟ್ಟಿಗೆ ಕಾಣುವ ಒಬ್ಬನಾದರೂ ಆ ಊರಿನಲ್ಲಿ ಬೇಕಾಗಿತ್ತು. ಆದರೆ ಅವನು ಬಾಯಿಬಿಟ್ಟು ಹೇಳುವುದಿಲ್ಲ.

ಉಳಿದದ್ದು ಶಬ್ದ, ಅಂದರೆ ಆಪ್ತವಾಕ್ಯ. ಆಪ್ತರು, ಅಂದರೆ ಗಲ್ಲಿಗಲ್ಲಿ ಬಲ್ಲ ಬಾಡಿಗೆ ಬೈಕಿನವರು, ಸೋಯಿಯ ಬಾಯಲ್ಲೇ ಕಿತ್ತಳೆ ಬಣ್ಣದ ನಂಬರಿನ ಅಂಗಿ ತೊಟ್ಟು, ಬೈಕುಗಳನ್ನು ಸಾಲಾಗಿ ನಿಲ್ಲಿಸಿಕೊಂಡು ಕೂತಿರುತ್ತಾರೆ. ಆಫೀಸಿನ ಹುಡುಗಿಯೊಬ್ಬಳು ಬರುತ್ತಾಳೆ, ಹಿಂದಿನ ಸೀಟಿನ ಮೇಲೆ ಒಂದೇ ಬದಿಗೆ ಕಾಲು ಹಾಕಿ ಕೂರುತ್ತಾಳೆ; ಒಂದು ಕೈಯಲ್ಲಿ ಐಸ್ ಕಾಫಿ, ಇನ್ನೊಂದರಲ್ಲಿ ಫೋನು. ಏನನ್ನೂ ಹಿಡಿದುಕೊಳ್ಳುವುದಿಲ್ಲ. ಬೈಕು ಎರಡು ಕಾರುಗಳ ನಡುವೆ ನುಸುಳುತ್ತದೆ, ಕಾಫಿ ತುಳುಕುವುದಿಲ್ಲ. ಇದು ಸಿದ್ಧಿ. ಹೊಸಬನಾದರೋ ಎರಡೂ ಕೈಯಿಂದ ಸೀಟಿನ ಹಿಂದಿನ ಕಂಬಿ ಹಿಡಿದು, ಕಣ್ಣು ಮುಚ್ಚಿ, ಮನೆದೇವರನ್ನು ನೆನೆದು ಹೋಗುತ್ತಾನೆ, ಆದರೂ ತಲುಪುತ್ತಾನೆ.

ಆದ್ದರಿಂದ ಸಿದ್ಧಾಂತ: ಶಬ್ದವೊಂದೇ ಪ್ರಮಾಣ. ಹೋಟೆಲಿನ ವಿಳಾಸವನ್ನು ಥಾಯ್ ಲಿಪಿಯಲ್ಲಿ ಬರೆಸಿ ಜೇಬಿನಲ್ಲಿಟ್ಟುಕೊಳ್ಳಿ, ಹತ್ತುವ ಮೊದಲು ಬಾಡಿಗೆ ಕೇಳಿ, ಮೊಣಕಾಲುಗಳನ್ನು ಒಳಕ್ಕೆ ಎಳೆದುಕೊಂಡು ಕೂತುಕೊಳ್ಳಿ.