‘100 ಎಂಬಿಪಿಎಸ್’ನ ಹೆಗಲೇರಿ ಕೂತ ನಕ್ಷತ್ರ ಚಿಹ್ನೆಯವರಿಗೊಂದು ಬಹಿರಂಗ ಪತ್ರ

ಶ್ರೀಯುತ ನಕ್ಷತ್ರ ಚಿಹ್ನೆಯವರಿಗೆ,

ನ್ಯಾಯವಾಗಿ ಈ ಪತ್ರವನ್ನು ಬ್ರಾಡ್‌ಬ್ಯಾಂಡ್ ಕಂಪನಿಗಳ ಆಡಳಿತ ನಿರ್ದೇಶಕರಿಗೆ ಬರೆಯಬೇಕಿತ್ತು. ಆದರೆ ಅವರ ಜಾಹೀರಾತಿನಲ್ಲಿ ಸತ್ಯ ಹೇಳುವ ಕೆಲಸಕ್ಕೆ ನೇಮಕವಾದವರು ನೀವೊಬ್ಬರೇ. ಫ್ಲೆಕ್ಸಿನಲ್ಲಿ ಸೋಫಾದ ಮೇಲೆ ಕೂತು ಟಿ.ವಿ. ನೋಡಿ ನಗುವ ಕುಟುಂಬಕ್ಕೆ ಆ ಹೊಣೆಯಿಲ್ಲ. ಆಳೆತ್ತರದ ‘100’ಕ್ಕಂತೂ ಇಲ್ಲವೇ ಇಲ್ಲ. ಆ ಅಂಕಿಯ ಹೆಗಲ ಮೇಲೆ ಕಂಡೂ ಕಾಣದಂತೆ ಕೂತು, ‘ಸ್ವಾಮಿ, ಪುಟದ ಬುಡದಲ್ಲಿ ಏನೋ ಬರೆದಿದೆ, ಒಮ್ಮೆ ನೋಡಿ’ ಎಂದು ಪಿಸುಗುಟ್ಟುವವರು ನೀವು. ಕೇಳಿಸಿಕೊಳ್ಳುವವರು ಕಡಿಮೆ. ಮನೆಗೆ ಇಂಟರ್‌ನೆಟ್ ಹಾಕಿಸುವವರು ನಾಲ್ಕು ಕಂಪನಿಗಳ ಪ್ಲಾನುಗಳನ್ನು ಜಾತಕಗಳಂತೆ ಪಕ್ಕಪಕ್ಕ ಹರಡಿಕೊಂಡು ಇಲ್ಲಿ 50, ಅಲ್ಲಿ 100, ಮತ್ತೊಂದರಲ್ಲಿ 300 ಎಂದು ತಾಳೆ ನೋಡುತ್ತಾರೆ. ಹೊಂದಿಸಿ ನೋಡಬೇಕಾದದ್ದು ನಕ್ಷತ್ರವನ್ನೇ ಎಂಬುದು ಅವರಿಗೆ ಹೊಳೆಯುವುದಿಲ್ಲ. ನನ್ನ ವಾದ ಇಷ್ಟೇ: ಎರಡು ಕಂಪನಿಗಳ ನಡುವಿನ ನಿಜವಾದ ವ್ಯತ್ಯಾಸವೆಲ್ಲ ನಿಮ್ಮ ಕೆಳಗಿದೆ, ನಿಮ್ಮ ಮೇಲೆ ಇರುವುದು ಬರೀ ಅಲಂಕಾರ. ಆದ್ದರಿಂದ ಆ ಅಂಕಿಯ ಮತ್ತು ನಿಮ್ಮ ಕೆಳಗಿನ ಬರಹದ ಅಕ್ಷರದ ಗಾತ್ರ ಅದಲುಬದಲಾಗಬೇಕು.

ದೊಡ್ಡ ಅಂಕಿ ಸುಳ್ಳು ಹೇಳುವುದಿಲ್ಲ, ಅದರ ಜಾಣತನ ಇರುವುದೇ ಅಲ್ಲಿ. 100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 100 ಮೆಗಾಬಿಟ್. ಎಂಟು ಬಿಟ್ ಸೇರಿ ಒಂದು ಬೈಟ್ ಆಗುವುದರಿಂದ ಫೈಲ್ ಇಳಿಸಿಕೊಳ್ಳುವಾಗ ಪರದೆಯ ಮೇಲೆ ಹೆಚ್ಚೆಂದರೆ 12.5 ಮೆಗಾಬೈಟ್ ಕಾಣುತ್ತದೆ. ಇದು ಪ್ರೈಮರಿ ಶಾಲೆಯ ಭಾಗಾಕಾರ, ಬಿಡಿ. ಸ್ವಾರಸ್ಯ ಇರುವುದು ಬೀದಿಯ ಕಂಬದಲ್ಲಿ. ನಮ್ಮಲ್ಲಿ ಮನೆಮನೆಗೆ ಬರುವ ಫೈಬರ್ ಹೆಚ್ಚಾಗಿ ಜಿಪಾನ್ ತಂತ್ರಜ್ಞಾನದ್ದು. ಕಂಪನಿಯ ಕಡೆಯಿಂದ ಹೊರಡುವ ಒಂದು ಎಳೆಯಲ್ಲಿ ಡೌನ್‌ಲೋಡಿಗೆ ಸುಮಾರು 2.5 ಗಿಗಾಬಿಟ್, ಅಪ್‌ಲೋಡಿಗೆ ಅದರ ಅರ್ಧ ಜಾಗ. ಆ ಒಂದೇ ಎಳೆಯನ್ನು ಸ್ಪ್ಲಿಟರ್ ಎಂಬ ಪುಟ್ಟ ಸಾಧನ ಸಾಮಾನ್ಯವಾಗಿ 32 ಅಥವಾ 64 ಮನೆಗಳಿಗೆ ಹಂಚುತ್ತದೆ. ಎಲ್ಲರೂ ಒಟ್ಟಿಗೇ ಎಳೆದರೆ 32 ಮನೆಗಳ ಬೀದಿಯಲ್ಲಿ ತಲಾ 78 ಎಂಬಿಪಿಎಸ್, 64ರ ಬೀದಿಯಲ್ಲಿ ತಲಾ 39. ಅಲ್ಲಿಂದ ಮುಂದೆ ಕಂಪನಿಯ ಹೆದ್ದಾರಿಯಲ್ಲಿ ಇನ್ನೆಷ್ಟು ಬೀದಿಗಳು ಬಂದು ಸೇರುತ್ತವೆ ಎಂಬುದು ಬೇರೆಯೇ ಲೆಕ್ಕ. ಈ ಹಂಚಿಕೆ ಗುಟ್ಟೇನೂ ಅಲ್ಲ. 2009ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ಹೊರಡಿಸಿದ ಮಾರ್ಗಸೂಚಿಯೇ ಮನೆ ಬಳಕೆಗೆ ಒಂದರ ಪಾಲನ್ನು 50 ಜನರಿಗೆ, ವ್ಯಾಪಾರಿಗಳಿಗಾದರೆ 30 ಜನರಿಗೆ ಹಂಚಬಹುದು ಎಂದಿತ್ತು.

‘ಎಲ್ಲರೂ ಒಟ್ಟಿಗೇ ಎಳೆಯುವುದಿಲ್ಲವಲ್ಲ’ ಎನ್ನುತ್ತಾರೆ ನಿಮ್ಮ ಯಜಮಾನರು. ಒಪ್ಪಿದೆ. ಒಂದು ಮನೆ ಮೇಲ್ ನೋಡುವಾಗ ಇನ್ನೊಂದು ಮನೆ ಸಿನಿಮಾ ನೋಡುತ್ತದೆ, ಮೂರನೆಯದು ನಿದ್ದೆ ಮಾಡುತ್ತದೆ. ಹಂಚಿಕೊಳ್ಳುವುದರಿಂದಲೇ ತಿಂಗಳ ದರ ಸಾವಿರದೊಳಗೆ ನಿಂತಿದೆ. 4ಕೆ ಚಿತ್ರಕ್ಕೆ 15, ಫುಲ್ ಎಚ್‌.ಡಿ.ಗೆ 5 ಎಂಬಿಪಿಎಸ್ ಸಾಕು ಎಂದು ನೆಟ್‌ಫ್ಲಿಕ್ಸ್ ತಾನೇ ಹೇಳುತ್ತದೆ. ಹಾಗೆ ನೋಡಿದರೆ ನಾಲ್ಕು ಜನರ ಮನೆಗೆ 39 ಕೂಡ ಧಾರಾಳ. ಹಂಚುವುದರ ಬಗ್ಗೆ ನನ್ನ ತಕರಾರಿಲ್ಲ, ಅದನ್ನು ಬಚ್ಚಿಡುವುದರ ಬಗ್ಗೆ ಇದೆ. ಒಂದು ಕಂಪನಿ 32 ಮನೆಗೆ ಹಂಚಿ, ಇನ್ನೊಂದು 64ಕ್ಕೆ ಹಂಚಿ, ಇಬ್ಬರೂ ‘100’ ಎಂದೇ ಬರೆದರೆ ಮೊದಲಿನವನ ಪ್ರಾಮಾಣಿಕತೆಗೆ ಮಾರುಕಟ್ಟೆಯಲ್ಲಿ ಬೆಲೆ ಎಲ್ಲಿದೆ? ರಾತ್ರಿ ಒಂಬತ್ತಕ್ಕೆ ನನ್ನ ಪಾಲಿಗೆ ಎಷ್ಟು ಉಳಿಯುತ್ತದೆ ಎಂಬುದೊಂದೇ ಹೋಲಿಸಲು ಯೋಗ್ಯವಾದ ಅಂಕಿ. ಅದನ್ನು ಜಾಹೀರಾತಿನಲ್ಲಿ ನೀವು ಕೂಡ ಹೇಳುವುದಿಲ್ಲ, ನಕ್ಷತ್ರದವರೇ.

ಕಾನೂನು ಹೇಳುತ್ತದೆಯೇ ಎಂದರೆ, ಅದರದು ಬೇರೆಯೇ ನಡಿಗೆ. 2004ರಲ್ಲಿ ಬ್ರಾಡ್‌ಬ್ಯಾಂಡ್ ಎನ್ನಿಸಿಕೊಳ್ಳಲು 256 ಕೆಬಿಪಿಎಸ್ ಇದ್ದರೆ ಸಾಕಿತ್ತು. 2013ರಲ್ಲಿ ಅದು 512 ಆಯಿತು. 2023ರಲ್ಲಿ, ಊರೆಲ್ಲ ‘ಗಿಗಾ’ ಎಂದು ಕೂಗುತ್ತಿದ್ದ ಹೊತ್ತಿಗೆ, ಕನಿಷ್ಠ ಮಿತಿ 2 ಎಂಬಿಪಿಎಸ್‌ಗೆ ಬಡ್ತಿ ಪಡೆಯಿತು. ಜಾಹೀರಾತು 100 ಎನ್ನುತ್ತದೆ, ವ್ಯಾಖ್ಯಾನ 2 ಎನ್ನುತ್ತದೆ. ನಡುವಿನ 98ಕ್ಕೆ ನೀವೇ ಸಾಮಂತರಾಜರು. 2006ರ ಗುಣಮಟ್ಟದ ನಿಯಮ ಶೇ 80ಕ್ಕಿಂತ ಹೆಚ್ಚು ವೇಗ ಸಿಗಲೇಬೇಕು ಎಂದಿತ್ತಲ್ಲ ಎಂದು ಬಲ್ಲವರು ಕೇಳಬಹುದು. ಎಂದಿತ್ತು, ಆದರೆ ಕಂಪನಿಯ ಜಾಲದ ಸಂಪರ್ಕಬಿಂದುವಾದ ನೋಡ್‌ನಿಂದ ಮನೆಯವರೆಗೆ ಅಳೆದು. ಗ್ರಾಹಕ ನೋಡ್ ನೋಡಲು ದುಡ್ಡು ಕೊಡುವುದಿಲ್ಲ. ಅವನಿಗೆ ಬೇಕಾದ ಪಾಠ, ಕಚೇರಿ, ಸಿನಿಮಾ ಎಲ್ಲ ನೋಡ್‌ನಿಂದ ಆಚೆ ಇವೆ. ಸ್ಪೀಡ್ ಟೆಸ್ಟಿನ ಮಾಯೆಯೂ ಇದೇ. ಪರೀಕ್ಷೆಯ ಸರ್ವರ್ ಎಷ್ಟೋ ಸಲ ಅದೇ ಕಂಪನಿಯ ಜಾಲದೊಳಗೇ ಇರುತ್ತದೆ, ತಾನೇ ಪ್ರಶ್ನೆಪತ್ರಿಕೆ ಬರೆದವನಿಗೆ ನೂರಕ್ಕೆ ನೂರು ಬೀಳುತ್ತದೆ.

ಮನೆಯ ಗೋಡೆ ದಪ್ಪವಾಗಿದ್ದರೆ ಕಂಪನಿಯ ತಪ್ಪೇನು ಎಂಬುದು ಇನ್ನೊಂದು ಆಕ್ಷೇಪ, ನ್ಯಾಯವಾದದ್ದೇ. 2.4 ಗಿಗಾಹರ್ಟ್ಸ್‌ನ ವೈಫೈ ದೂರ ಹೋಗುತ್ತದೆ, ಆದರೆ ಅಕ್ಕಪಕ್ಕದ ಮನೆಗಳ ರೂಟರುಗಳ ಜಂಗುಳಿಯಲ್ಲಿ ನಿಧಾನವಾಗುತ್ತದೆ. 5 ಗಿಗಾಹರ್ಟ್ಸ್ ವೇಗವಾಗಿದ್ದು ಎರಡು ಗೋಡೆ ದಾಟುವಷ್ಟರಲ್ಲಿ ಸೋಲುತ್ತದೆ. ಇದಕ್ಕೆ ಕಂಪನಿಯನ್ನು ಬೈಯುವುದು ತಪ್ಪು. ಆದರೆ ಫ್ಲೆಕ್ಸಿನ ಚಿತ್ರದಲ್ಲಿ ಯಾರೂ ರೂಟರಿಗೆ ಕೇಬಲ್ ಸಿಕ್ಕಿಸಿಕೊಂಡು ಕೂತಿರುವುದಿಲ್ಲ, ಎಲ್ಲರೂ ಮಹಡಿಯ ಮೇಲೆ ಮೊಬೈಲ್ ಹಿಡಿದು ಓಡಾಡುತ್ತಿರುತ್ತಾರೆ. ದೂರು ಕೊಟ್ಟಾಗ ಮಾತ್ರ ‘ಲ್ಯಾಪ್‌ಟಾಪಿಗೆ ಲ್ಯಾನ್ ಕೇಬಲ್ ಹಾಕಿ ಟೆಸ್ಟ್ ಮಾಡಿ ಸರ್’ ಎಂಬ ಉತ್ತರ. ಮಾರುವಾಗ ವೈಫೈ, ಅಳೆಯುವಾಗ ಕೇಬಲ್! 2023ರಿಂದ ಬಂದಿರುವ ಏರ್‌ಫೈಬರ್ ಸಂಪರ್ಕಗಳಲ್ಲಂತೂ ಹೆಸರಿನಲ್ಲಿ ಫೈಬರ್ ಇದೆ, ಮನೆಯವರೆಗೆ ಫೈಬರ್ ಇಲ್ಲ. 5ಜಿ ಟವರಿನ ತರಂಗವನ್ನು ಬೀದಿಯ ಮೊಬೈಲುಗಳ ಜೊತೆ ಹಂಚಿಕೊಳ್ಳಬೇಕು. ತಂತಿ ಬಾರದ ಕಡೆ ಅದು ವರವೇ ಸರಿ, ಅದನ್ನು ಫೈಬರಿನ ಪಕ್ಕ ಇಟ್ಟು ಅಂಕಿ ಮಾತ್ರ ಹೋಲಿಸುವುದು ಅವಿವೇಕ.

ಇನ್ನು ದುಡ್ಡಿನ ಮಾತು. ಐದು ರೂಪಾಯಿಯ ಬಿಸ್ಕತ್ ಪೊಟ್ಟಣದ ಮೇಲೆ ಎಲ್ಲ ತೆರಿಗೆ ಸೇರಿಸಿ ಬೆಲೆ ಮುದ್ರಿಸಬೇಕೆಂದು ಕಾನೂನಿದೆ. ತಿಂಗಳಿಗೆ 499 ಎಂದು ಕೂಗುವ ಪ್ಲಾನಿಗೆ ಶೇ 18 ಜಿ.ಎಸ್‌.ಟಿ. ಸೇರಿ 588 ರೂಪಾಯಿ 82 ಪೈಸೆ ಆಗುವುದನ್ನು ಮಾತ್ರ ನಿಮ್ಮ ಕೆಳಗೆ ಹುಡುಕಬೇಕು. ‘ಅನ್‌ಲಿಮಿಟೆಡ್’ ಎನ್ನುವ ಹಲವು ಪ್ಲಾನುಗಳ ಲಿಮಿಟ್ 3,300 ಜಿ.ಬಿ. 300 ಎಂಬಿಪಿಎಸ್ ಸಂಪರ್ಕವನ್ನು ಜಾಹೀರಾತು ಹೇಳಿದ ವೇಗದಲ್ಲೇ ಬಳಸಿದರೆ ತಿಂಗಳ ಈ ಕೋಟಾ ಒಂದು ದಿನ, ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಯಾವ ಮನೆಯೂ ಹಾಗೆ ಬಳಸುವುದಿಲ್ಲ, ನಿಜ. ಅಂದರೆ 300ರ ವೇಗವೂ ನಮಗೆ ದಿನವಿಡೀ ಬೇಕಿಲ್ಲ ಎಂದಾಯಿತು. ಬೇಕಿಲ್ಲದ್ದನ್ನು ದೊಡ್ಡ ಅಕ್ಷರದಲ್ಲಿ ಮಾರಿ, ಬೇಕಾದ ಅಪ್‌ಲೋಡ್ ವೇಗವನ್ನೂ ತಂತಿ ಕಡಿದರೆ ಎಷ್ಟು ಗಂಟೆಯೊಳಗೆ ಸರಿಮಾಡುತ್ತೇವೆ ಎಂಬುದನ್ನೂ ನುಂಗಿಕೊಳ್ಳುವುದು ವ್ಯಾಪಾರದ ಯಾವ ಧರ್ಮ? ಮರದಿಂದ ಮರಕ್ಕೆ, ಬೆಸ್ಕಾಂ ಕಂಬದಿಂದ ಕಂಬಕ್ಕೆ ಜೋಲುವ ಬೆಂಗಳೂರಿನ ಕೇಬಲ್ಲುಗಳನ್ನು ನೋಡಿದವರಿಗೆ ಈ ಪ್ರಶ್ನೆಯ ತೂಕ ಗೊತ್ತು. ಕಡಿದ ದಿನ 50 ಮತ್ತು 500 ಎರಡೂ ಸೊನ್ನೆಯೇ. ಸ್ಪ್ಲೈಸಿಂಗ್ ಮೆಷಿನ್ ಹೊತ್ತು ಬೈಕಿನಲ್ಲಿ ಬರುವ ಕೇಬಲ್ ಹುಡುಗ ಎಷ್ಟು ಹೊತ್ತಿಗೆ ಬರುತ್ತಾನೆ ಎನ್ನುವುದೇ ಅಂದಿನ ಸ್ಪೀಡು.

ಸ್ಪರ್ಧೆಯೇ ಇದನ್ನೆಲ್ಲ ಸರಿಪಡಿಸುತ್ತದೆ ಎಂಬ ಸಮಾಧಾನ ನನಗಿಲ್ಲ. ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಸಂಘದವರು ಒಳಗೆ ಬಿಟ್ಟ ಒಂದೆರಡು ಕಂಪನಿಗಳೇ ಗತಿ, ಮಲೆನಾಡಿನ ಎಷ್ಟೋ ಹಳ್ಳಿಗಳಲ್ಲಿ ಅಷ್ಟೂ ಇಲ್ಲ. ಅಸಾಧ್ಯವೆಂಬ ನೆಪವೂ ನಡೆಯದು. ಬ್ರಿಟನ್ನಿನಲ್ಲಿ ಮೊದಲು ಹತ್ತು ಗ್ರಾಹಕರಲ್ಲಿ ಒಬ್ಬನಿಗೆ ಸಿಕ್ಕರೂ ಆ ವೇಗವನ್ನು ಜಾಹೀರಾತಿನಲ್ಲಿ ಹಾಕಬಹುದಿತ್ತು. 2018ರ ಮೇ ತಿಂಗಳಿಂದ ರಾತ್ರಿ ಎಂಟರಿಂದ ಹತ್ತರ ದಟ್ಟಣೆಯಲ್ಲಿ ಕನಿಷ್ಠ ಅರ್ಧದಷ್ಟು ಗ್ರಾಹಕರಿಗೆ ಸಿಗುವ ವೇಗವನ್ನೇ ಹಾಕಬೇಕು. ಅಮೆರಿಕದಲ್ಲಿ 2024ರಿಂದ ಆಹಾರದ ಪೊಟ್ಟಣದ ಮೇಲಿರುವಂಥದೇ ಚೌಕದ ಪಟ್ಟಿಯಲ್ಲಿ ದರ, ಶುಲ್ಕ, ಡೌನ್‌ಲೋಡ್, ಅಪ್‌ಲೋಡ್ ಎಲ್ಲವನ್ನೂ ಮಾರುವ ಮುನ್ನವೇ ತೋರಿಸಬೇಕು. ಆ ದೇಶಗಳ ಕಂಪನಿಗಳೇನೂ ಬೀದಿಗೆ ಬಂದಿಲ್ಲ. ಬಿಸ್ಕತ್ತಿನ ಸಕ್ಕರೆಯನ್ನು ಗ್ರಾಂ ಲೆಕ್ಕದಲ್ಲಿ ಬರೆಸುವ ನಮ್ಮ ಸರ್ಕಾರಕ್ಕೂ ಟ್ರಾಯ್‌ಗೂ ಇದು ಬರಬಾರದ ವಿದ್ಯೆಯಲ್ಲ.

ಅಲ್ಲಿಯವರೆಗೆ, ಈ ಪತ್ರವನ್ನು ಕದ್ದು ಓದುತ್ತಿರುವ ಗ್ರಾಹಕರಲ್ಲಿ ಒಂದು ವಿನಂತಿ. ಹೊಸ ಸಂಪರ್ಕಕ್ಕೆ ಸಹಿ ಹಾಕುವ ಮೊದಲು ರಾತ್ರಿ ಒಂಬತ್ತರ ವೇಗವೆಷ್ಟು, ಅಪ್‌ಲೋಡ್ ಎಷ್ಟು, ತೆರಿಗೆ ಮತ್ತು ರೂಟರಿನ ಡಿಪಾಸಿಟ್ ಸೇರಿ ಕೈಬಿಟ್ಟು ಹೋಗುವುದೆಷ್ಟು, ಲೈನ್ ಕಡಿದ ದಿನಗಳ ಹಣ ವಾಪಸ್ ಬರುತ್ತದೆಯೇ ಎಂದು ವಾಟ್ಸ್‌ಆ್ಯಪಿನಲ್ಲಿ ಕೇಳಿ, ಲಿಖಿತ ಉತ್ತರ ಪಡೆಯಿರಿ. ಅದೇ ಬೀದಿಯಲ್ಲಿ ಅದೇ ಕಂಪನಿಯ ಲೈನ್ ಇರುವ ಎರಡು ಮನೆಯವರನ್ನೂ ವಿಚಾರಿಸಿ. ಉತ್ತರ ಬಾರದಿದ್ದರೆ ಒಂದು ತಿಂಗಳ ಪ್ಲಾನ್ ಹಾಕಿಸಿ ನೋಡಿ, ವರ್ಷದ ಹಣವನ್ನು ಮುಂಗಡವಾಗಿ ಕಟ್ಟಬೇಡಿ.

ಇತಿ,
ತೆರಿಗೆ ಸಹಿತ ಬಿಲ್ ಕಟ್ಟುವ ಒಬ್ಬ ಚಂದಾದಾರ